ಹೋಗುವ ಟಿಕೆಟ್ ಇದೆ, ಬರುವ ಟಿಕೆಟ್ ಎಲ್ಲಿ?



ಮನೆಗೆ ಬೀಗರು ಬಂದರೆ 'ಯಾವಾಗ ಹೋಗ್ತೀರಿ?' ಎಂದು ನಾವು ಕೇಳುವುದಿಲ್ಲ. ಕೇಳಿದರೆ ಸಂಬಂಧವೇ ಕೆಟ್ಟೀತು. ಆದರೆ ಒಂದು ದೇಶವು ಬೇರೆ ದೇಶದವರನ್ನು ಒಳಗೆ ಬಿಟ್ಟುಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: 'ಯಾವಾಗ ಹೋಗುತ್ತೀರಿ? ಹೇಗೆ ಹೋಗುತ್ತೀರಿ? ತೋರಿಸಿ.' ಹೀಗೆ ತೋರಿಸುವ ದಾಖಲೆಗೆ ಮುಂದಿನ ಪ್ರಯಾಣದ ಪುರಾವೆ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಊರಿಗೆ ಮರಳುವ ರಿಟರ್ನ್ ಟಿಕೆಟ್. ಅಲ್ಲಿಂದ ಮೂರನೆಯ ದೇಶಕ್ಕೆ ಹೋಗುವ ಟಿಕೆಟ್ ಕೂಡ ಆಗಬಹುದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ನಮಗೆ ಈ ಪಾಠ ಏಕೆ ಬೇಕು? ಹೊರದೇಶಕ್ಕೆ ಹೋಗುವ ವಿಮಾನ ನಮ್ಮ ಹತ್ತಿರದಿಂದ ಏಳುವುದಿಲ್ಲ. ಬೆಳಗಾವಿಯ ಸಾಂಬ್ರಾದಿಂದಲೂ ಹುಬ್ಬಳ್ಳಿಯಿಂದಲೂ ದೇಶದೊಳಗಿನ ವಿಮಾನಗಳೇ ಹೊರಡುತ್ತವೆ. ಹೊರದೇಶಕ್ಕೆ ಹೋಗುವವರು ಗೋವಾ, ಮುಂಬೈ ಇಲ್ಲವೆ ಬೆಂಗಳೂರಿಗೆ ಹೋಗಿ ಹತ್ತಬೇಕು. ಬೈಲಹೊಂಗಲದಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, ಮನೆಯವರೆಲ್ಲ ಬೀಳ್ಕೊಡಲು ಬಂದು, ಕೌಂಟರಿನಲ್ಲಿ 'ರಿಟರ್ನ್ ಟಿಕೆಟ್ ಇಲ್ಲ, ಹತ್ತಿಸಲಾಗದು' ಎಂದರೆ ಆ ದಿನದ ಟಿಕೆಟಿನ ಹಣವೂ ಹೋಯಿತು, ಮುಖವೂ ಬಾಡಿತು. ಇದು ಸಣ್ಣ ನಷ್ಟ. ದೊಡ್ಡ ನಷ್ಟ ಇನ್ನೊಂದಿದೆ. ಅದನ್ನು ಪಾಠದ ಕೊನೆಯ ಭಾಗದಲ್ಲಿ ನೋಡೋಣ.

ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವೀಸಾ, ನಿಮ್ಮ ಟಿಕೆಟ್, ನಿಮ್ಮ ಬಾಯಿಮಾತು – ಈ ಮೂರೂ ಒಂದೇ ಮಾತು ಹೇಳಬೇಕು. ಮೂರೂ ಒಂದೇ ಹೇಳಿದರೆ ಒನ್‌ವೇ ಟಿಕೆಟ್ ಹಿಡಿದು ಹೋದರೂ ತೊಂದರೆಯಿಲ್ಲ. ಒಂದು ಬೇರೆ ಹೇಳಿದರೆ ರಿಟರ್ನ್ ಟಿಕೆಟ್ ಇದ್ದರೂ ಪ್ರಯೋಜನವಿಲ್ಲ.

ಮೂರು ಕಡೆ ಕೇಳುತ್ತಾರೆ

ಒಬ್ಬ ಪ್ರಯಾಣಿಕ ಊರು ಬಿಟ್ಟು ಇನ್ನೊಂದು ದೇಶದ ನೆಲ ಮೆಟ್ಟುವ ಮುನ್ನ ಮೂರು ಮೇಜುಗಳನ್ನು ದಾಟುತ್ತಾನೆ. ಮೂವರ ಪ್ರಶ್ನೆ ಒಂದೇ ಆದರೂ ಕಾರಣ ಬೇರೆ ಬೇರೆ.

ಮೊದಲನೆಯದು ವಿಮಾನ ಕಂಪನಿಯ ಚೆಕ್-ಇನ್ ಕೌಂಟರ್. 'ಹಣ ಕೊಟ್ಟು ಟಿಕೆಟ್ ತೆಗೆದಿದ್ದೇನೆ, ಇವರಿಗೇನು ಕಷ್ಟ?' ಎಂದು ನಮಗೆ ಅನಿಸುತ್ತದೆ. ಕಷ್ಟ ಅವರಿಗೇ ಹೆಚ್ಚು. 1944ರ ಷಿಕಾಗೋ ಒಪ್ಪಂದವು ಅಂತಾರಾಷ್ಟ್ರೀಯ ವಿಮಾನಯಾನದ ಮೂಲ ಕರಾರು. ಅದರ 9ನೆಯ ಅನುಬಂಧದಲ್ಲಿ ಪ್ರಯಾಣಿಕರ ಪ್ರವೇಶದ ನಿಯಮಗಳಿವೆ. ಒಬ್ಬನನ್ನು ಆ ದೇಶ ಒಳಗೆ ಬಿಡದಿದ್ದರೆ, ಕರೆತಂದ ವಿಮಾನ ಕಂಪನಿಯೇ ಅವನನ್ನು ವಾಪಸ್ ಒಯ್ಯಬೇಕು. ಹಲವು ದೇಶಗಳು ದಂಡವನ್ನೂ ಹಾಕುತ್ತವೆ. ನಮ್ಮ ದೇಶದಲ್ಲೇ 2000ದಲ್ಲಿ ಇದಕ್ಕೆಂದು ಪ್ರತ್ಯೇಕ ಕಾಯ್ದೆ ಬಂತು. ಸರಿಯಾದ ಕಾಗದಪತ್ರ ಇಲ್ಲದವರನ್ನು ಭಾರತಕ್ಕೆ ಕರೆತಂದ ಕಂಪನಿಗೆ ತಲೆಗೆ ಒಂದು ಲಕ್ಷ ರೂಪಾಯಿ ದಂಡ ಎಂದು ಅದು ಹೇಳಿತ್ತು. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಾಗ ಆ ಹಳೆಯ ಕಾಯ್ದೆ ರದ್ದಾಗಿ ವಿಷಯ ಹೊಸದರಲ್ಲಿ ಸೇರಿತು. ಆದ್ದರಿಂದ ಕೌಂಟರಿನಲ್ಲಿ ಕುಳಿತವರು ನಿಮ್ಮ ಪಾಸ್‌ಪೋರ್ಟ್ ತೆಗೆದುಕೊಂಡು ಕಂಪ್ಯೂಟರಿನಲ್ಲಿ 'ಟಿಮ್ಯಾಟಿಕ್' ಎಂಬ ಮಾಹಿತಿ ಕೋಶ ನೋಡುತ್ತಾರೆ. ಯಾವ ದೇಶದವರಿಗೆ ಯಾವ ದೇಶದಲ್ಲಿ ಏನೇನು ಕಾಗದ ಬೇಕು ಎಂಬುದು ಅದರಲ್ಲಿರುತ್ತದೆ. ಅದನ್ನು ನಡೆಸುವುದು ವಿಮಾನ ಕಂಪನಿಗಳ ಜಾಗತಿಕ ಸಂಘವಾದ ಐಎಟಿಎ. 'ರಿಟರ್ನ್ ಅಥವಾ ಮುಂದಿನ ಟಿಕೆಟ್ ಬೇಕು' ಎಂದು ಅಲ್ಲಿ ಬರೆದಿದ್ದರೆ ಕೌಂಟರಿನವರೊಡನೆ ವಾದ ಮಾಡಿ ಫಲವಿಲ್ಲ.

ಎರಡನೆಯದು ನಮ್ಮದೇ ದೇಶದ ಇಮಿಗ್ರೇಷನ್ ಮೇಜು. ಇಲ್ಲಿ ನಮ್ಮ ಭಾಗದ ಅನೇಕ ಮನೆಗಳಿಗೆ ನೇರವಾಗಿ ತಟ್ಟುವ ನಿಯಮವೊಂದಿದೆ. ಮುಂದೆ ಅದನ್ನು ಬಿಡಿಸಿ ನೋಡೋಣ.

ಮೂರನೆಯದು ತಲುಪಿದ ದೇಶದ ಇಮಿಗ್ರೇಷನ್ ಮೇಜು. ಕೊನೆಯ ತೀರ್ಮಾನ ಇವರದು. ವೀಸಾ ಇದ್ದ ಮಾತ್ರಕ್ಕೆ ಒಳಗೆ ಬಿಡಲೇಬೇಕು ಎಂದಿಲ್ಲ. 'ಎಷ್ಟು ದಿನ? ಎಲ್ಲಿ ಉಳಿಯುತ್ತೀರಿ? ಖರ್ಚಿಗೆ ಹಣ ಎಷ್ಟಿದೆ? ವಾಪಸ್ ಯಾವಾಗ?' – ಈ ನಾಲ್ಕು ಪ್ರಶ್ನೆಗೆ ಉತ್ತರ ಹೊಂದಿಕೆಯಾಗಬೇಕು.

ಇಸಿಆರ್ ಪಾಸ್‌ಪೋರ್ಟ್ ಮತ್ತು ರಿಟರ್ನ್ ಟಿಕೆಟ್

1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ, ಓದು ಕಡಿಮೆಯಿರುವ ಕೆಲಸಗಾರರು ಹೊರದೇಶದಲ್ಲಿ ಮೋಸ ಹೋಗಬಾರದೆಂದು ಸರ್ಕಾರ ಒಂದು ತಪಾಸಣೆ ಇಟ್ಟಿದೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇಸಿಆರ್' ವರ್ಗಕ್ಕೆ ಸೇರುತ್ತದೆ. ಎಂದರೆ, ಕೆಲಸಕ್ಕೆ ಹೋಗುವುದಾದರೆ ಎಮಿಗ್ರೇಷನ್ ಇಲಾಖೆಯ ಅನುಮತಿ ಬೇಕು. ಇದು ಎಲ್ಲ ದೇಶಗಳಿಗೆ ಅಲ್ಲ, ಪಟ್ಟಿಯಲ್ಲಿರುವ 18 ದೇಶಗಳಿಗೆ. ಸೌದಿ ಅರೇಬಿಯಾ, ಯುಎಇ, ಕತಾರ್, ಕುವೈತ್, ಒಮಾನ್, ಬಹರೇನ್ ಈ ಪಟ್ಟಿಯಲ್ಲಿವೆ. ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾಗಳೂ ಇವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಹಾಗಾದರೆ ಇಸಿಆರ್ ಪಾಸ್‌ಪೋರ್ಟ್ ಇರುವವರು ಕೆಲಸಕ್ಕಲ್ಲದೆ ಮಗನನ್ನು ನೋಡಲು, ಮೊಮ್ಮಗುವನ್ನು ಎತ್ತಿಕೊಳ್ಳಲು ಹೋಗಬಾರದೇ? ಹೋಗಬಹುದು. 2007ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಅವರು ವಿಮಾನ ನಿಲ್ದಾಣದ ಇಮಿಗ್ರೇಷನ್ ಮೇಜಿನಲ್ಲಿ ಮೂರು ವಸ್ತು ತೋರಿಸಬೇಕು: ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್, ವೀಸಾ ಮತ್ತು ರಿಟರ್ನ್ ಟಿಕೆಟ್. ಇಲ್ಲಿ ರಿಟರ್ನ್ ಟಿಕೆಟ್ ಕೇಳುವುದು ಹೊರದೇಶವಲ್ಲ, ನಮ್ಮ ಸರ್ಕಾರವೇ. 'ಇವರು ಕೆಲಸಕ್ಕೆ ಹೋಗುತ್ತಿಲ್ಲ, ನೋಡಿ ಬರಲು ಹೋಗುತ್ತಿದ್ದಾರೆ' ಎಂಬುದಕ್ಕೆ ಆ ಟಿಕೆಟ್ ಸಾಕ್ಷಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಾಮದುರ್ಗದ ನೇಕಾರ ಮನೆಯ ತಾಯಿ. ವಯಸ್ಸು 46. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಮಗ ದುಬೈಯಲ್ಲಿದ್ದಾನೆ. ವಿಸಿಟ್ ವೀಸಾ ಮಾಡಿಸಿ, 'ಅಮ್ಮ ಬಂದು ಎಷ್ಟು ದಿನ ಇರ್ತಾಳೋ ನೋಡೋಣ, ಬರೋ ಟಿಕೆಟ್ ಆಮೇಲೆ ತೆಗೆದರಾಯ್ತು' ಎಂದು ಒನ್‌ವೇ ಟಿಕೆಟ್ ಕಳಿಸುತ್ತಾನೆ. ಮಗನ ಮನಸ್ಸಿನಲ್ಲಿ ಕಪಟವಿಲ್ಲ. ಆದರೂ ತಾಯಿಯನ್ನು ಬೆಂಗಳೂರಿನಲ್ಲೇ ತಡೆಯಬಹುದು. ಮಗ ಮಾಡಬೇಕಾದದ್ದು ಇಷ್ಟೇ: ವೀಸಾ ಅವಧಿಯೊಳಗಿನ ದಿನಾಂಕಕ್ಕೆ ರಿಟರ್ನ್ ಟಿಕೆಟ್ ತೆಗೆಯಬೇಕು. ದಿನ ಬದಲಿಸಲು ಅವಕಾಶವಿರುವ ಟಿಕೆಟ್ ಆದರೆ ಇನ್ನೂ ಒಳ್ಳೆಯದು.

ಇನ್ನು 50 ವರ್ಷ ದಾಟಿದವರು ಓದದಿದ್ದರೂ ಇಸಿಆರ್ ಅಲ್ಲದ ವರ್ಗಕ್ಕೆ ಬರುತ್ತಾರೆ. ಆದಾಯ ತೆರಿಗೆ ಕಟ್ಟುವವರೂ ಬರುತ್ತಾರೆ. ಆದರೆ ಅದು ತಾನಾಗಿ ಬದಲಾಗುವುದಿಲ್ಲ. ದಾಖಲೆ ಕೊಟ್ಟು ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಬೇಕು. 2007ರ ಜನವರಿಯ ನಂತರ ಕೊಟ್ಟ ಪಾಸ್‌ಪೋರ್ಟಿನಲ್ಲಿ ಇಸಿಆರ್ ಮುದ್ರೆ ಇಲ್ಲದಿದ್ದರೆ ಅದು ಇಸಿಆರ್ ಅಲ್ಲ ಎಂದೇ ಅರ್ಥ.

ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ಪಾತ್ರವನ್ನು ಗಮನಿಸಿ. ನೀವು ಎಸ್‌ಎಸ್‌ಎಲ್‌ಸಿ ಪಾಸಾಗಿಯೇ ಈ ಕಾಲೇಜಿಗೆ ಬಂದಿದ್ದೀರಿ. ಪಾಸ್‌ಪೋರ್ಟ್ ಅರ್ಜಿ ಹಾಕುವಾಗ ಆ ಅಂಕಪಟ್ಟಿಯನ್ನು ಲಗತ್ತಿಸಿದರೆ ಇಸಿಆರ್ ಮುದ್ರೆ ಬೀಳುವುದಿಲ್ಲ. 'ಅರ್ಜಿ ತುಂಬುವ ಅಂಗಡಿಯವರು ಕೇಳಲಿಲ್ಲ' ಎಂದು ಅದನ್ನು ಬಿಟ್ಟರೆ ಮುಂದೆ ಎರಡನೆಯ ಸಲ ಅಲೆದಾಟ.

ಯಾರು ಒನ್‌ವೇ ಟಿಕೆಟಿನಲ್ಲಿ ಹೋಗಬಹುದು?

ಒನ್‌ವೇ ಟಿಕೆಟ್ ತಪ್ಪಲ್ಲ. ವೀಸಾ ಏನು ಹೇಳುತ್ತದೆ ಎಂಬುದೇ ಮುಖ್ಯ.

ಓದಲು ಹೋಗುವವರು: ವರ್ಷಗಟ್ಟಲೆ ಇರಲು ಅನುಮತಿ ಕೊಡುವ ವಿದ್ಯಾರ್ಥಿ ವೀಸಾ ಇದ್ದರೆ ಸಾಮಾನ್ಯವಾಗಿ ರಿಟರ್ನ್ ಟಿಕೆಟ್ ಕೇಳುವುದಿಲ್ಲ. ಮೂರು ವರ್ಷದ ನಂತರದ ಟಿಕೆಟ್ ಯಾರೂ ಮಾರುವುದೂ ಇಲ್ಲ. ಅಲ್ಲಿ ಪುರಾವೆ ಎಂದರೆ ವೀಸಾ, ಪ್ರವೇಶ ಪತ್ರ, ಶುಲ್ಕ ಕಟ್ಟಿದ ರಸೀದಿ, ಉಳಿಯುವ ವಿಳಾಸ. ಅಮೆರಿಕಕ್ಕೆ ಹೋಗುವವರ ಬಳಿ ಕಾಲೇಜು ಕೊಟ್ಟ ಐ-20 ಪತ್ರ ಇರಬೇಕು. ಇವುಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟು ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ.

ಕೆಲಸಕ್ಕೆ ಹೋಗುವವರು: ಉದ್ಯೋಗ ವೀಸಾ ಇದ್ದರೆ ಒನ್‌ವೇ ಟಿಕೆಟ್ ಸಹಜ. ವೀಸಾ, ಉದ್ಯೋಗ ಕರಾರು, ಇಸಿಆರ್ ಪಾಸ್‌ಪೋರ್ಟ್ ಆದರೆ ಎಮಿಗ್ರೇಷನ್ ಅನುಮತಿ – ಇವೇ ಪುರಾವೆ.

ನೋಡಿ ಬರಲು, ತಿರುಗಾಡಲು ಹೋಗುವವರು: ವಿಸಿಟ್ ವೀಸಾ, ಟೂರಿಸ್ಟ್ ವೀಸಾ, ಇಳಿದ ಮೇಲೆ ಕೊಡುವ ವೀಸಾ, ವೀಸಾ ಇಲ್ಲದ ಪ್ರವೇಶ – ಈ ನಾಲ್ಕರಲ್ಲೂ ರಿಟರ್ನ್ ಇಲ್ಲವೆ ಮುಂದಿನ ಟಿಕೆಟ್ ಬೇಕೇ ಬೇಕು ಎಂದು ತಿಳಿದುಕೊಂಡೇ ಹೊರಡುವುದು ಕ್ಷೇಮ. ವೀಸಾ ಸುಲಭವಾದಷ್ಟೂ ಟಿಕೆಟ್ ತಪಾಸಣೆ ಬಿಗಿ ಎಂದು ನೆನಪಿಡಿ. ವೀಸಾ ಕಚೇರಿಯಲ್ಲಿ ಮೊದಲೇ ನಡೆಯಬೇಕಿದ್ದ ವಿಚಾರಣೆ ಇಲ್ಲಿ ಕೌಂಟರಿಗೆ ಬಂದು ನಿಂತಿರುತ್ತದೆ.

ಉಮ್ರಾಕ್ಕೆ ಹೋಗುವ ಹಿರಿಯರು: ಸಾಮಾನ್ಯವಾಗಿ ಟೂರಿನವರೇ ಎರಡೂ ಕಡೆಯ ಟಿಕೆಟ್ ಮಾಡಿರುತ್ತಾರೆ. ಆದರೆ ಅದರ ಪ್ರತಿ ಟೂರಿನವರ ಮೊಬೈಲಿನಲ್ಲಿ ಮಾತ್ರ ಇರಬಾರದು. ಅಜ್ಜ-ಅಜ್ಜಿಯ ಕೈಯಲ್ಲೂ ಒಂದು ಪ್ರತಿ, ಮನೆಯಲ್ಲಿ ಒಂದು ಪ್ರತಿ ಇರಲಿ. ಉಮ್ರಾ ವೀಸಾದಲ್ಲಿ ಹೋಗಿ ಹಜ್‌ವರೆಗೆ ಉಳಿದುಬಿಡೋಣ ಎಂಬ ಸಲಹೆಗೆ ಕಿವಿಗೊಡಬೇಡಿ. ಹಜ್‌ಗೆ ಬೇರೆಯೇ ಅನುಮತಿ ಬೇಕು.

ಯಾವ ಟಿಕೆಟ್ ಪುರಾವೆ ಆಗುತ್ತದೆ?

ಐದು ಅಂಶ ಪರೀಕ್ಷಿಸಿ.

1. ಹೆಸರು. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಟಿಕೆಟಿನಲ್ಲೂ ಇರಬೇಕು. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹಿಂದುಮುಂದಾಗುವುದು ಸಾಮಾನ್ಯ. 'ಸಾಬ', 'ಸಾಹೇಬ' ಎಂಬ ಒಂದಕ್ಷರದ ವ್ಯತ್ಯಾಸಕ್ಕೂ ಕೌಂಟರಿನಲ್ಲಿ ಅರ್ಧ ಗಂಟೆ ನಿಲ್ಲಬೇಕಾದೀತು.

2. ಟಿಕೆಟ್ ಸಂಖ್ಯೆ. ಆರು ಅಕ್ಷರ-ಅಂಕಿಗಳ ಪಿಎನ್‌ಆರ್ ಬರೀ ಸೀಟು ಹಿಡಿದಿದ್ದಕ್ಕೆ ಗುರುತು. ಹಣ ಕಟ್ಟಿ ಟಿಕೆಟ್ ಹೊರಬಿದ್ದ ಮೇಲೆ 13 ಅಂಕಿಗಳ ಇ-ಟಿಕೆಟ್ ಸಂಖ್ಯೆ ಬರುತ್ತದೆ. ಅದರ ಮೊದಲ ಮೂರು ಅಂಕಿ ವಿಮಾನ ಕಂಪನಿಯ ಗುರುತು. ಉದಾಹರಣೆಗೆ ಏರ್ ಇಂಡಿಯಾದ್ದು 098. ಕೆಲವು ಅಗ್ಗದ ದರದ ಕಂಪನಿಗಳು ಪಿಎನ್‌ಆರ್ ಮಾತ್ರ ಕೊಡುತ್ತವೆ. ಆಗ ಕಂಪನಿಯ ವೆಬ್‌ಸೈಟಿನಲ್ಲಿ ಪಿಎನ್‌ಆರ್ ಮತ್ತು ಹೆಸರು ಹಾಕಿ, 'ಕನ್ಫರ್ಮ್ಡ್' ಎಂದು ಬರುತ್ತದೆಯೇ ನೋಡಬೇಕು.

3. ದೇಶದ ಹೊರಗೆ ಹೋಗಬೇಕು. ಬ್ಯಾಂಕಾಕಿನಿಂದ ಫುಕೆಟ್‌ಗೆ ಹೋಗುವ ಟಿಕೆಟ್ ಆ ದೇಶದೊಳಗಿನದು. ಅದು ಪುರಾವೆಯಲ್ಲ.

4. ಮೂರನೆಯ ದೇಶವಾದರೆ ಅಲ್ಲಿಗೂ ಪ್ರವೇಶ ಇರಬೇಕು. ಥಾಯ್ಲೆಂಡಿನಿಂದ ಜಪಾನಿಗೆ ಟಿಕೆಟ್ ತೋರಿಸಿ, ಜಪಾನ್ ವೀಸಾ ಇಲ್ಲದಿದ್ದರೆ ಆ ಟಿಕೆಟ್ ನಂಬಲು ಯಾರಿಗೂ ಕಾರಣವಿಲ್ಲ.

5. ದಿನಾಂಕ. ಅನುಮತಿಯ ಅವಧಿಯೊಳಗೇ ಇರಬೇಕು. ಇಲ್ಲಿ ಒಂದು ದಿನದ ಲೆಕ್ಕ ತಪ್ಪುವವರು ಬಹಳ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರನ್ನು 30 ದಿನಗಳವರೆಗೆ ವೀಸಾ ಇಲ್ಲದೆ ಬಿಡತೊಡಗಿತು. ಒಬ್ಬರು ಜೂನ್ 10ರಂದು ಅಲ್ಲಿ ಇಳಿದರು ಎನ್ನೋಣ. 10ರಿಂದ 30ರವರೆಗೆ 21 ದಿನ. ಉಳಿದ 9 ದಿನ ಜುಲೈಯದು. ಹಾಗಾಗಿ 30ನೆಯ ದಿನ ಜುಲೈ 9, ಜುಲೈ 10 ಅಲ್ಲ. ಇಳಿದ ದಿನವನ್ನೇ ಮೊದಲ ದಿನ ಎಂದು ಎಣಿಸಿ, ಕೊನೆಯ ದಿನಕ್ಕಿಂತ ಎರಡು ದಿನ ಮೊದಲೇ ಟಿಕೆಟ್ ಇಟ್ಟುಕೊಳ್ಳುವುದು ಜಾಣತನ.

ನಿಯಮಗಳು ಬದಲಾಗುತ್ತಲೇ ಇರುತ್ತವೆ ಎಂಬುದನ್ನೂ ಮರೆಯಬೇಡಿ. ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಎಂದಿತು. 2024ರ ಜುಲೈಯಲ್ಲಿ 60 ದಿನ ಎಂದಿತು. ಎಂಟು ತಿಂಗಳಲ್ಲಿ ನಿಯಮ ದುಪ್ಪಟ್ಟಾಯಿತು. ಇದೇ ವೇಗದಲ್ಲಿ ಕಡಿಮೆಯೂ ಆಗಬಹುದು. ಆದ್ದರಿಂದ ಕಳೆದ ವರ್ಷ ಹೋಗಿಬಂದ ಕಾಕಾನ ಮಾತು ದಾರಿ ತೋರಿಸಲಿ. ಆದರೆ ಟಿಕೆಟ್ ತೆಗೆಯುವ ಮುನ್ನ ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟನ್ನೂ ವಿಮಾನ ಕಂಪನಿಯ ವೆಬ್‌ಸೈಟನ್ನೂ ನೀವೇ ಓದಿ.

ಬರುವ ದಿನ ಗೊತ್ತಿಲ್ಲದಿದ್ದರೆ ಏನು ಮಾಡಬೇಕು?

ಅಕ್ಕನ ಬಾಣಂತನಕ್ಕೆ ಹೋಗುವ ತಾಯಿಗೆ ಬರುವ ದಿನ ಮೊದಲೇ ಗೊತ್ತಿರುವುದಿಲ್ಲ. ಅಂಥವರಿಗೆ ನೇರವಾದ ದಾರಿಗಳಿವೆ.

ಒಂದು, ಎರಡೂ ಕಡೆಯ ಟಿಕೆಟನ್ನು ಒಟ್ಟಿಗೆ ತೆಗೆದು ದಿನಾಂಕ ಬದಲಿಸುವ ಅವಕಾಶ ಇಟ್ಟುಕೊಳ್ಳುವುದು. ಎಷ್ಟೋ ಸಲ ಹೋಗಿಬರುವ ಟಿಕೆಟಿನ ದರ ಒನ್‌ವೇ ದರದ ಎರಡು ಪಟ್ಟು ಆಗಿರುವುದಿಲ್ಲ. ಎರಡನ್ನೂ ಹೋಲಿಸಿ ನೋಡಿ.

ಎರಡು, ಹಣ ಮರಳಿ ಬರುವ ಟಿಕೆಟ್ ತೆಗೆಯುವುದು. ಬೆಲೆ ಸ್ವಲ್ಪ ಹೆಚ್ಚು. ರದ್ದು ಮಾಡಿದರೆ ಎಷ್ಟು ಕಡಿತ ಎಂಬುದನ್ನು ಮೊದಲೇ ಓದಿ. ನಮ್ಮ ದೇಶದ ವಿಮಾನ ಕಂಪನಿಗಳಿಗೆ ನಾಗರಿಕ ವಿಮಾನಯಾನ ನಿರ್ದೇಶನಾಲಯದ ಒಂದು ನಿಯಮವಿದೆ: ರದ್ದು ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕ ಎರಡರ ಮೊತ್ತವನ್ನು ಮೀರುವಂತಿಲ್ಲ. ತೆರಿಗೆ ಮತ್ತು ನಿಲ್ದಾಣ ಶುಲ್ಕ ಮರಳಿ ಕೊಡಲೇಬೇಕು. ಟಿಕೆಟ್ 14,000 ರೂಪಾಯಿ, ಅದರಲ್ಲಿ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ 10,500 ಎಂದು ಭಾವಿಸಿ. ಉಳಿದ 3,500 ತೆರಿಗೆ ಮತ್ತು ನಿಲ್ದಾಣ ಶುಲ್ಕ. 'ಹಣ ಮರಳುವುದಿಲ್ಲ' ಎಂಬ ಟಿಕೆಟ್ ಆದರೂ ಈ 3,500 ನಿಮ್ಮದು. ಬಹಳ ಜನ ಇದನ್ನು ಕೇಳುವುದೇ ಇಲ್ಲ.

ಮೂರು, ವೀಸಾ ಅವಧಿ ಮುಗಿಯುವ ಮುನ್ನ ಹತ್ತಿರದ ಇನ್ನೊಂದು ದೇಶಕ್ಕೆ ಹೋಗುವ ನಿಜವಾದ ಯೋಜನೆ ಇದ್ದರೆ ಆ ಟಿಕೆಟ್ ತೆಗೆಯುವುದು.

ನಾಲ್ಕು, ನಿಮ್ಮದು ವಿಶೇಷ ಸಂದರ್ಭ ಎನಿಸಿದರೆ ಹೊರಡುವ ಮೊದಲೇ ವಿಮಾನ ಕಂಪನಿಗೆ ಇ-ಮೇಲ್ ಬರೆದು ಉತ್ತರ ಪಡೆದು ಮುದ್ರಿಸಿಕೊಳ್ಳುವುದು. ಬಾಯಿಮಾತಿಗಿಂತ ಕಾಗದ ಗಟ್ಟಿ.

'ಡಮ್ಮಿ ಟಿಕೆಟ್' ಎಂಬ ಅಡ್ಡದಾರಿ

'ಇಷ್ಟೆಲ್ಲ ಯಾಕ್ರೀ, ಕೆಲವೇ ನೂರು ರೂಪಾಯಿಗೆ ಡಮ್ಮಿ ಟಿಕೆಟ್ ಮಾಡ್ಕೊಡ್ತೀವಿ' ಎನ್ನುವವರಿದ್ದಾರೆ. ಇದರಲ್ಲಿ ಎರಡು ಬಗೆ. ಮೊದಲನೆಯದು ಹಳೆಯ ಟಿಕೆಟಿನ ಪಿಡಿಎಫ್‌ನಲ್ಲಿ ಹೆಸರು, ದಿನಾಂಕ ತಿದ್ದಿದ್ದು. ಇದು ನೇರವಾಗಿ ನಕಲಿ ದಾಖಲೆ. ಭಾರತೀಯ ನ್ಯಾಯ ಸಂಹಿತೆಯ 336ನೆಯ ಕಲಂ ದಾಖಲೆ ನಕಲು ಮಾಡುವುದನ್ನೂ, 340ನೆಯ ಕಲಂ ನಕಲಿ ಎಂದು ತಿಳಿದೂ ಅದನ್ನು ಅಸಲಿಯಂತೆ ಬಳಸುವುದನ್ನೂ ಅಪರಾಧ ಎನ್ನುತ್ತವೆ. ಎಲೆಕ್ಟ್ರಾನಿಕ್ ದಾಖಲೆಗೂ ಇದು ಅನ್ವಯ. ಕೌಂಟರಿನಲ್ಲಿ ಪಿಎನ್‌ಆರ್ ಹಾಕಿ ನೋಡಿದರೆ ಒಂದು ನಿಮಿಷದಲ್ಲಿ ಸತ್ಯ ಹೊರಬೀಳುತ್ತದೆ. ಮಾರಿದವನು ಅಂಗಡಿಯಲ್ಲಿ ಕುಳಿತಿರುತ್ತಾನೆ. ಸಿಕ್ಕಿಬೀಳುವವರು ನೀವು.

ಎರಡನೆಯದು ಹಣ ಕಟ್ಟದೆ ಒಂದೆರಡು ದಿನಕ್ಕೆ ಹಿಡಿದಿಟ್ಟ ಸೀಟು. ಪಿಎನ್‌ಆರ್ ಅಸಲಿ, ಆದರೆ ಟಿಕೆಟ್ ಅಲ್ಲ. ಕೆಲವು ವೀಸಾ ಕಚೇರಿಗಳು ಅರ್ಜಿಯ ಜೊತೆಗೆ 'ಪ್ರಯಾಣದ ಕಾಯ್ದಿರಿಸುವಿಕೆ' ಸಾಕು ಎಂದು ತಾವೇ ಹೇಳುತ್ತವೆ. ಅಲ್ಲಿ ಅದನ್ನು ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಕೌಂಟರಿನಲ್ಲಿ, ಇಳಿದ ದೇಶದ ಮೇಜಿನಲ್ಲಿ ಅದನ್ನೇ ಟಿಕೆಟ್ ಎಂದು ತೋರಿಸಿದರೆ ನೀವು ತಲುಪುವ ಹೊತ್ತಿಗೆ ಅದು ಅಳಿಸಿಹೋಗಿರುತ್ತದೆ. ಒಂದು ದೇಶದಿಂದ ಹಾಗೆ ವಾಪಸ್ ಕಳಿಸಿಕೊಂಡವರು ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ 'ಎಂದಾದರೂ ಪ್ರವೇಶ ನಿರಾಕರಿಸಲಾಗಿದೆಯೇ?' ಎಂಬ ಪ್ರಶ್ನೆಗೆ ಉತ್ತರ ಬರೆಯುತ್ತ ಹೋಗಬೇಕಾಗುತ್ತದೆ.

ಏಜೆಂಟ್ ಕಳಿಸಿದ ರಿಟರ್ನ್ ಟಿಕೆಟ್

ಈಗ ಮೊದಲೇ ಹೇಳಿದ ದೊಡ್ಡ ನಷ್ಟದ ವಿಷಯ. ಇಲ್ಲಿಯವರೆಗೆ ರಿಟರ್ನ್ ಟಿಕೆಟ್ ಇಲ್ಲದವರ ಮಾತಾಯಿತು. ಅದು ಇದ್ದೂ ಕೆಡುವವರ ಮಾತು ಇದು.

ಕೆಲಸ ಕೊಡಿಸುತ್ತೇನೆ ಎನ್ನುವ ಏಜೆಂಟ್ ವಿಸಿಟ್ ವೀಸಾ ಕಳಿಸುತ್ತಾನೆ, ಜೊತೆಗೆ ರಿಟರ್ನ್ ಟಿಕೆಟ್ ಕೂಡ. 'ಏರ್‌ಪೋರ್ಟಿನಲ್ಲಿ ಕೇಳಿದರೆ ತಿರುಗಾಡಲು ಹೊರಟಿದ್ದೇನೆ ಅನ್ನು, ಹೋದ ಮೇಲೆ ಕೆಲಸದ ವೀಸಾ ಮಾಡಿಸೋಣ' ಎಂದು ಹೇಳಿಕೊಡುತ್ತಾನೆ. ಹುಡುಗ ಒಳಗೆ ಹೋದೊಡನೆ ಆ ಟಿಕೆಟ್ ರದ್ದಾಗುತ್ತದೆ. ಆ ಟಿಕೆಟ್ ಇದ್ದದ್ದು ಅವನು ಮರಳಲಿ ಎಂದಲ್ಲ, ಮೂರು ಮೇಜಿನವರ ಕಣ್ಣು ತಪ್ಪಿಸಲೆಂದು. ಮುಂದೆ ಅವನ ಹೆಸರಿನಲ್ಲಿ ಉದ್ಯೋಗ ಕರಾರಿಲ್ಲ. ಕೂಲಿ ಕೊಡದಿದ್ದರೆ ದೂರು ಕೊಡಲು ದಾಖಲೆಯಿಲ್ಲ. ವೀಸಾ ಅವಧಿ ಮುಗಿದರೆ ದಂಡ ಏರುತ್ತದೆ. ಯುಎಇಯಲ್ಲಿ ಅದು ದಿನಕ್ಕೆ 50 ದಿರ್ಹಮ್. ಎರಡು ತಿಂಗಳು ಮೀರಿದರೆ 3,000 ದಿರ್ಹಮ್, ನಮ್ಮ ಲೆಕ್ಕದಲ್ಲಿ ಅರ್ಧ ಲಕ್ಷ ರೂಪಾಯಿ ದಾಟಿತು. ಸಂಬಳವೇ ಬಾರದವನು ಈ ದಂಡ ಕಟ್ಟುವುದು ಎಲ್ಲಿಂದ?

ಇದಕ್ಕಿಂತ ಕ್ರೂರವಾದದ್ದು ಆಗ್ನೇಯ ಏಷ್ಯಾದಲ್ಲಿ ನಡೆಯಿತು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ನಂಬಿ ಹೋದ ಭಾರತೀಯ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಪ್ರದೇಶಕ್ಕೆ ಒಯ್ದು, ಬೇಲಿಯೊಳಗೆ ಕೂಡಿಹಾಕಿ, ಫೋನು-ಇಂಟರ್‌ನೆಟ್ ಮೂಲಕ ಜನರಿಗೆ ಮೋಸ ಮಾಡುವ ಕೆಲಸಕ್ಕೆ ಹಚ್ಚಿದರು. ನಮ್ಮ ವಿದೇಶಾಂಗ ಸಚಿವಾಲಯ 2022ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನ ಮೇ ಸೋಟ್‌ನಿಂದ ಮೊದಲು 283 ಮಂದಿಯನ್ನು, ಮರುದಿನ 266 ಮಂದಿಯನ್ನು ದೇಶಕ್ಕೆ ಕರೆತಂದವು. ನಮ್ಮ ರಾಜ್ಯಕ್ಕೂ ಇಂಥ ಪೆಟ್ಟು ಹೊಸದಲ್ಲ. ಕೆಲಸದ ಆಸೆಯಿಂದ ಏಜೆಂಟರ ಮೂಲಕ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಯುಕ್ರೇನ್ ಯುದ್ಧದ ನಡುವೆ ಸಿಲುಕಿ, 2024ರ ಸೆಪ್ಟೆಂಬರ್‌ನಲ್ಲಿ ಊರು ಸೇರಿದರು.

ಆದ್ದರಿಂದ ಈ ಸೂತ್ರವನ್ನು ಬರೆದಿಟ್ಟುಕೊಳ್ಳಿ: ಕೆಲಸಕ್ಕೆ ಹೋಗುವವನ ಕೈಯಲ್ಲಿ ವಿಸಿಟ್ ವೀಸಾ ಮತ್ತು ರಿಟರ್ನ್ ಟಿಕೆಟ್ ಇದ್ದರೆ ಅಲ್ಲಿಯೇ ನಿಲ್ಲಬೇಕು. ವೀಸಾ ಒಂದು ಹೇಳುತ್ತಿದೆ, ಬಾಯಿ ಇನ್ನೊಂದು ಹೇಳಬೇಕಾಗಿದೆ. 'ಏರ್‌ಪೋರ್ಟಿನಲ್ಲಿ ಹೀಗೆ ಸುಳ್ಳು ಹೇಳು' ಎಂದು ಕಲಿಸಿಕೊಡುವವನು ಮುಂದೆ ನಿಮಗೂ ಸುಳ್ಳೇ ಹೇಳುತ್ತಾನೆ.

ಇಂಥವರನ್ನು ಪರೀಕ್ಷಿಸಲು ಸರ್ಕಾರದ 'ಇ-ಮೈಗ್ರೇಟ್' ವೆಬ್‌ಸೈಟ್ ಇದೆ. ನೋಂದಾಯಿತ ನೇಮಕಾತಿ ಏಜೆಂಟರ ಪಟ್ಟಿ ಅಲ್ಲಿದೆ. ಪಟ್ಟಿಯಲ್ಲಿ ಹೆಸರಿಲ್ಲದವರ ಜೊತೆ ವ್ಯವಹಾರ ಬೇಡ. ನೋಂದಾಯಿತ ಏಜೆಂಟರೂ ಕೆಲಸಗಾರನಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ಎಮಿಗ್ರೇಷನ್ ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಗಳ ವಿಮೆ ಇದೆ. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ನುಗ್ಗಿದವರಿಗೆ ಈ ಯಾವ ಆಸರೆಯೂ ಇಲ್ಲ.

ಈ ವಾರ ಮನೆಯಲ್ಲಿ ಮಾಡಬೇಕಾದ ಕೆಲಸ

ಮನೆಯಲ್ಲಿ ಯಾರದಾದರೂ ಪಾಸ್‌ಪೋರ್ಟ್ ಇದ್ದರೆ ತೆಗೆದು ನೋಡಿ. ಇಸಿಆರ್ ಮುದ್ರೆ ಇದೆಯೇ? ಅವಧಿ ಎಂದು ಮುಗಿಯುತ್ತದೆ? ಅನೇಕ ದೇಶಗಳು ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಹೆಸರಿನ ಅಕ್ಷರಗಳು ಆಧಾರ್ ಮತ್ತು ಅಂಕಪಟ್ಟಿಯ ಜೊತೆ ಹೊಂದುತ್ತವೆಯೇ? ಒಂದು ಹಾಳೆಯಲ್ಲಿ ಬರೆದು ಅಪ್ಪ-ಅಮ್ಮನಿಗೆ ಓದಿ ಹೇಳಿ. ತಿದ್ದುಪಡಿ ಬೇಕಿದ್ದರೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೋ ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೋ ಆನ್‌ಲೈನಿನಲ್ಲಿ ದಿನ ಗೊತ್ತುಮಾಡಿಕೊಳ್ಳಬಹುದು. ಹತ್ತು ಜನರ ಮನೆಯಲ್ಲಿ ಒಬ್ಬರು ಓದಿದ್ದರೆ ಅದರ ಲಾಭ ಹತ್ತೂ ಜನರಿಗೆ ಸಿಗಬೇಕು.

ಅಭ್ಯಾಸ

1. ಅಧಿಕ ವರ್ಷವಲ್ಲದ ವರ್ಷದಲ್ಲಿ ಫೆಬ್ರುವರಿ 18ರಂದು ಒಬ್ಬರು 30 ದಿನದ ಅನುಮತಿಯ ದೇಶದಲ್ಲಿ ಇಳಿಯುತ್ತಾರೆ. ಅವರ ರಿಟರ್ನ್ ಟಿಕೆಟ್ ಮಾರ್ಚ್ 20ಕ್ಕಿದೆ. ಸರಿಯೇ? ಲೆಕ್ಕ ಮಾಡಿ ತೋರಿಸಿ.

2. ಸವದತ್ತಿ ತಾಲೂಕಿನ ಒಬ್ಬ ರೈತರು. ವಯಸ್ಸು 53. ಹತ್ತನೆಯ ತರಗತಿ ಪಾಸಾಗಿಲ್ಲ. ಇಸಿಆರ್ ಪಾಸ್‌ಪೋರ್ಟ್ ಇದೆ. ದೋಹಾದಲ್ಲಿರುವ ಮಗಳನ್ನು ನೋಡಲು ಹೋಗಬೇಕು. ಅವರ ಮುಂದಿರುವ ಎರಡು ದಾರಿಗಳು ಯಾವುವು?

3. ಏಜೆಂಟ್ ಕಳಿಸಿದ ಪಿಡಿಎಫ್‌ನಲ್ಲಿ ಪಿಎನ್‌ಆರ್ ಇದೆ, 13 ಅಂಕಿಗಳ ಸಂಖ್ಯೆ ಇಲ್ಲ. ಅದು ಟಿಕೆಟ್ ಹೌದೋ ಅಲ್ಲವೋ ಎಂದು ಹೇಗೆ ಪರೀಕ್ಷಿಸುತ್ತೀರಿ?

4. ಇಂಗ್ಲೆಂಡಿನ ವಿದ್ಯಾರ್ಥಿ ವೀಸಾ ಪಡೆದ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿ ಒನ್‌ವೇ ಟಿಕೆಟಿನಲ್ಲಿ ಹೊರಟಿದ್ದಾಳೆ. ಕೈಚೀಲದಲ್ಲಿ ಯಾವ ಯಾವ ಕಾಗದ ಇರಬೇಕು? ಪಟ್ಟಿ ಮಾಡಿ.

5. ಕಿತ್ತೂರಿನ ನಿಮ್ಮ ಗೆಳೆಯನಿಗೆ ಫೋನಿನಲ್ಲೇ ಸಂದರ್ಶನ ಮುಗಿದು ಬ್ಯಾಂಕಾಕಿನಲ್ಲಿ ಕೆಲಸ ಸಿಕ್ಕಿದೆಯಂತೆ. ವೀಸಾ ಬೇಡವಂತೆ. ಹೋಗಿಬರುವ ಟಿಕೆಟನ್ನು ಕಂಪನಿಯೇ ಕಳಿಸಿದೆಯಂತೆ. ಅವನಿಗೆ ನೀವು ಕೇಳಬೇಕಾದ ಐದು ಪ್ರಶ್ನೆಗಳನ್ನು ಬರೆಯಿರಿ.

ಉತ್ತರಗಳನ್ನು ಬರೆದುಕೊಂಡು ತರಗತಿಗೆ ಬನ್ನಿ. ಐದನೆಯ ಪ್ರಶ್ನೆಯನ್ನು ಮಾತ್ರ ತರಗತಿವರೆಗೆ ಕಾಯಿಸಬೇಡಿ. ಅಂಥ ಗೆಳೆಯ, ಅಣ್ಣ ಯಾರಾದರೂ ನಿಮಗಿದ್ದರೆ ಇಂದೇ ಹೋಗಿ ಕೇಳಿ.